ಜಾಲತಂತ್ರ ಪ್ರಶ್ನೋತ್ತರ: ಡಿಎನ್‌ಎಸ್ ಕ್ವೆರಿಗೆ ಸ್ಕ್ರಿಪ್ಟ್ ಉತ್ತರ ಕೊಡುವಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಡಿಎನ್‌ಎಸ್ ಎಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಸರ್ವರ್‌ಗಳಿಗೆ ಕೆಲಸ ಹಂಚುವ (ಲೋಡ್ ಬ್ಯಾಲೆನ್ಸರ್) ಎಫ್5 ಕಂಪನಿಯ ಬಿಗ್-ಐಪಿ ಸಾಧನದ ಮೂಲಕ ಹಾದುಹೋಗುವ ಡಿಎನ್‌ಎಸ್ ಕ್ವೆರಿಗಳನ್ನು, ಅಂದರೆ ಹೆಸರಿನ ಕೇಳಿಕೆಗಳನ್ನು, ಐರೂಲ್ ಎಂಬ ಸ್ಕ್ರಿಪ್ಟ್‌ನಿಂದ ತಡೆಯುವುದು, ಬೇರೆಡೆಗೆ ತಿರುಗಿಸುವುದು ಅಥವಾ ಅಲ್ಲಿಯೇ ಉತ್ತರ ಕೊಟ್ಟು ಕಳಿಸುವುದು ಹೇಗೆ ಎಂದು ಓದುಗರು ಕೇಳಿದ್ದಾರೆ. ಐರೂಲ್‌ನ ಭಾಷೆ ಟಿಸಿಎಲ್. ಬಳಸುವವರು ಅದನ್ನು ‘ಟಿಕಲ್’ ಎಂದು ಕರೆಯುತ್ತಾರೆ. ಸ್ಕ್ರಿಪ್ಟ್‌ನ ಸಾಲುಗಳನ್ನು ಇಲ್ಲಿ ಅಚ್ಚು ಹಾಕಿಲ್ಲ. ಯಾವ ಆದೇಶ ಏನು ಮಾಡುತ್ತದೆ ಎಂಬುದು ತಿಳಿದರೆ ಸಾಲುಗಳನ್ನು ನೀವೇ ಬರೆದುಕೊಳ್ಳಬಲ್ಲಿರಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಓಡಿಸುವ ಎರಡು ಸರ್ವರ್‌ಗಳ ಮುಂದೆ ಬಿಗ್-ಐಪಿ ಇದೆ. ಹಾಸ್ಟೆಲ್ ಜಾಲದಿಂದ ಕೆಲವು ತಾಣಗಳ ಹೆಸರು ಕೇಳಿಬಂದರೆ ಆ ಕ್ವೆರಿಯನ್ನು ಡ್ರಾಪ್ ಮಾಡುವ ಐರೂಲ್ ಬರೆದಿದ್ದೇನೆ. ಆಮೇಲಿನಿಂದ ಇಂಟರ್‌ನೆಟ್ ನಿಧಾನವಾಗಿದೆ ಎಂದು ದೂರು ಬರುತ್ತಿದೆ, ಕ್ವೆರಿಗಳ ಸಂಖ್ಯೆಯೂ ಏರಿದೆ. ಅಷ್ಟಾಗಿಯೂ ತಡೆದ ಹೆಸರುಗಳು ಒಮ್ಮೊಮ್ಮೆ ತೆರೆದುಕೊಳ್ಳುತ್ತವೆ. ತಪ್ಪು ಎಲ್ಲಿದೆ?
— ನೆಟ್‌ವರ್ಕ್ ನಿರ್ವಾಹಕರು, ಮೈಸೂರು

ಉತ್ತರ: ಡ್ರಾಪ್ ಮಾಡಿದ್ದೇ ಮೊದಲ ತಪ್ಪು. ಡಿಎನ್‌ಎಸ್‌ನಲ್ಲಿ ಉತ್ತರ ಬಾರದಿದ್ದರೆ ‘ಇಲ್ಲ’ ಎಂದು ಯಾರೂ ತಿಳಿಯುವುದಿಲ್ಲ. ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಿರಬೇಕು ಎಂದು ತಿಳಿದು ಮತ್ತೆ ಕೇಳುತ್ತಾರೆ. ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಹೆಸರು ಹುಡುಕುವ ತಂತ್ರಾಂಶ ಭಾಗವು (ಲೈಬ್ರರಿ) ಬೇರೆ ಸೂಚನೆ ಇಲ್ಲದಿದ್ದರೆ ಒಂದು ಸರ್ವರ್‌ಗಾಗಿ 5 ಸೆಕೆಂಡು ಕಾದು, ಎರಡು ಬಾರಿ ಪ್ರಯತ್ನಿಸುತ್ತದೆ. ಅಂದರೆ ನಿಮ್ಮ ವಿದ್ಯಾರ್ಥಿಯ ಯಂತ್ರ ಒಂದೇ ಸರ್ವರ್ ವಿಳಾಸವನ್ನು ಬಳಸುತ್ತಿದ್ದರೂ ತಡೆದ ಪ್ರತಿಯೊಂದು ಹೆಸರಿಗೆ 10 ಸೆಕೆಂಡು ಕೈಕಟ್ಟಿ ಕೂರುತ್ತದೆ. ಒಂದು ಸುದ್ದಿತಾಣದ ಪುಟದಲ್ಲಿ ತಡೆದ ಜಾಹೀರಾತು ಹೆಸರು ಒಂದಿದ್ದರೂ ಸಾಕು, ಪುಟವೇ ನಿಂತಂತೆ ಕಾಣುತ್ತದೆ. ನೀವು ಕಂಡ ಕ್ವೆರಿಗಳ ಏರಿಕೆಯೂ ಈ ಮರುಪ್ರಯತ್ನಗಳದ್ದೇ.

ಆದ್ದರಿಂದ ಮೌನದ ಬದಲು ಸ್ಪಷ್ಟವಾದ ಉತ್ತರ ಕೊಡಿ. ‘ಡಿಎನ್‌ಎಸ್ ರಿಕ್ವೆಸ್ಟ್’ ಎಂಬ ಈವೆಂಟ್‌ನಲ್ಲಿ, ಅಂದರೆ ಸಾಧನವು ಕ್ವೆರಿಯನ್ನು ಬಿಡಿಸಿ ಓದಿದ ಕ್ಷಣದಲ್ಲಿ, ಹೆಡರ್‌ನ ಆರ್‌ಕೋಡನ್ನು (ಉತ್ತರದ ಫಲಿತಾಂಶ ಹೇಳುವ ಸಂಕೇತ) ಎನ್‌ಎಕ್ಸ್‌ಡೊಮೇನ್, ಅಂದರೆ ‘ಆ ಹೆಸರೇ ಇಲ್ಲ’, ಎಂದು ಹೊಂದಿಸಿ, ‘ಡಿಎನ್‌ಎಸ್ ರಿಟರ್ನ್’ ಆದೇಶದಿಂದ ಪ್ಯಾಕೆಟ್ಟನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ: ಡಿಎನ್‌ಎಸ್ ರಿಟರ್ನ್ ಎಂಬುದು ‘ಸ್ಕ್ರಿಪ್ಟ್ ಮುಗಿದ ಬಳಿಕ ಹಿಂದಕ್ಕೆ ಕಳಿಸು’ ಎಂದು ಗುರುತು ಹಾಕುತ್ತದೆಯೇ ಹೊರತು ಸ್ಕ್ರಿಪ್ಟನ್ನು ಅಲ್ಲಿಗೆ ನಿಲ್ಲಿಸುವುದಿಲ್ಲ. ಕೆಳಗಿನ ಸಾಲುಗಳು ಓಡುತ್ತಲೇ ಇರುತ್ತವೆ, ನೀವು ಹಾಕಿದ ಆರ್‌ಕೋಡನ್ನು ಬದಲಿಸಿದರೂ ಬದಲಿಸಬಹುದು. ಹಾಗಾಗಿ ಅದರ ಮುಂದಿನ ಸಾಲಿನಲ್ಲಿ ಟಿಕಲ್‌ನ ಸಾದಾ ರಿಟರ್ನ್ ಕೂಡ ಇರಲಿ.

ಎನ್‌ಎಕ್ಸ್‌ಡೊಮೇನ್ ಕೊಟ್ಟರಷ್ಟೇ ಸಾಲದು. ‘ಇಲ್ಲ’ ಎಂಬ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕೆಂದೂ ಹೇಳಬೇಕು. ಇಂಟರ್‌ನೆಟ್ ನಿಯಮಗಳ ದಾಖಲೆಗಳಾದ ಆರ್‌ಎಫ್‌ಸಿಗಳಲ್ಲಿ 1998ರ 2308ರ ಪ್ರಕಾರ ಆ ಅವಧಿ ಸಿಗುವುದು ಉತ್ತರದ ಅಥಾರಿಟಿ ಭಾಗದಲ್ಲಿರುವ ಎಸ್‌ಒಎ (ಡೊಮೇನ್‌ನ ಮೂಲ ವಿವರಗಳ) ದಾಖಲೆಯಿಂದ: ಆ ದಾಖಲೆಯ ಟಿಟಿಎಲ್ (ನೆನಪಿಡುವ ಅವಧಿ) ಮತ್ತು ಅದರೊಳಗಿನ ಮಿನಿಮಮ್ ಸಂಖ್ಯೆ, ಈ ಎರಡರಲ್ಲಿ ಕಡಿಮೆಯದು. ಎಸ್‌ಒಎ ಇಲ್ಲದ ‘ಇಲ್ಲ’ವನ್ನು ಕ್ಯಾಶ್ ಮಾಡಬಾರದೆಂಬುದೇ ಅಲ್ಲಿನ ಸೂಚನೆ, ಕೇಳುವ ಯಂತ್ರ ಮರುಕ್ಷಣವೇ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಅಥಾರಿಟಿ ಭಾಗಕ್ಕೆ ಒಂದು ಎಸ್‌ಒಎ ಸೇರಿಸಿ, 300 ಸೆಕೆಂಡು ಇಡಿ. ಇನ್ನೂ ಹೆಚ್ಚು ಇಟ್ಟರೆ, ತಪ್ಪಾಗಿ ತಡೆದ ಹೆಸರನ್ನು ಬಿಡಿಸಿದ ಮೇಲೂ ಅಧ್ಯಾಪಕರ ಕೋಣೆಯಿಂದ ಫೋನ್ ಬರುತ್ತಲೇ ಇರುತ್ತದೆ.

ಇನ್ನು, ತಡೆದ ಹೆಸರು ಒಮ್ಮೊಮ್ಮೆ ತೆರೆದುಕೊಳ್ಳುವುದು. ಮೊದಲು ನೋಡಬೇಕಾದದ್ದು, ಐರೂಲನ್ನು ಯಾವ ವರ್ಚುವಲ್ ಸರ್ವರ್‌ಗೆ (ಬಿಗ್-ಐಪಿ ಕೇಳಿಕೆಗಳನ್ನು ಸ್ವೀಕರಿಸುವ ವಿಳಾಸ ಮತ್ತು ಪೋರ್ಟ್) ಕಟ್ಟಿದ್ದೀರಿ ಎಂಬುದು. ಡಿಎನ್‌ಎಸ್ 53ನೇ ಪೋರ್ಟ್‌ನಲ್ಲಿ ಯುಡಿಪಿ, ಟಿಸಿಪಿ ಎರಡರಲ್ಲೂ ನಡೆಯುತ್ತದೆ. ಬಿಗ್-ಐಪಿಯಲ್ಲಿ ಸಾಮಾನ್ಯವಾಗಿ ಅವು ಎರಡು ಬೇರೆ ವರ್ಚುವಲ್ ಸರ್ವರ್‌ಗಳು. ಯುಡಿಪಿಗೆ ಮಾತ್ರ ಐರೂಲ್ ಕಟ್ಟಿದ್ದರೆ ಟಿಸಿಪಿಯಲ್ಲಿ ಕೇಳಿದವರಿಗೆ ನಿಜವಾದ ಉತ್ತರವೇ ಸಿಗುತ್ತದೆ. ಎರಡಕ್ಕೂ ಡಿಎನ್‌ಎಸ್ ಪ್ರೊಫೈಲ್ ಇರಬೇಕು. ಪ್ರೊಫೈಲ್ ಇಲ್ಲದಿದ್ದರೆ ಡಿಎನ್‌ಎಸ್ ಈವೆಂಟ್‌ಗಳೇ ನಡೆಯುವುದಿಲ್ಲ, ಮತ್ತು ಆ ಪ್ರೊಫೈಲ್‌ಗೆ ಡಿಎನ್‌ಎಸ್ ಸೇವೆಯ ಲೈಸೆನ್ಸ್ ಬೇಕು.

ಎರಡನೆಯದು ಅಕ್ಷರಗಳ ಗಾತ್ರ. ಡಿಎನ್‌ಎಸ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಟಿಕಲ್‌ನ ಹೋಲಿಕೆಗೆ ಅವು ಬೇರೆ ಬೇರೆ. ಮೋಸದ ಉತ್ತರಗಳನ್ನು ಗುರುತಿಸಲು ಕೆಲವು ರಿಸಾಲ್ವರ್‌ಗಳು (ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್‌ಗಳು) ಬೇಕೆಂತಲೇ ಅಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ದೊಡ್ಡದು ಚಿಕ್ಕದು ಮಾಡಿ ಕಳಿಸುತ್ತವೆ. ಅನ್‌ಬೌಂಡ್ ಎಂಬ ರಿಸಾಲ್ವರ್ ತಂತ್ರಾಂಶದಲ್ಲಿ ಇದು ಬೇಕಾದವರು ಆನ್ ಮಾಡಿಕೊಳ್ಳುವ ಆಯ್ಕೆ. ಹೆಸರಿನ ಒಂದು ಪ್ರತಿಯನ್ನು ಚಿಕ್ಕಕ್ಷರಕ್ಕೆ ಇಳಿಸಿ ಹೋಲಿಕೆಗೆ ಬಳಸಿ. ಉತ್ತರದಲ್ಲಿ ಮಾತ್ರ ಕೇಳಿದ ರೂಪದಲ್ಲೇ ಹೆಸರನ್ನು ಹಿಂದಿರುಗಿಸಿ. ಇಲ್ಲವಾದರೆ ಆ ರಿಸಾಲ್ವರ್ ನಿಮ್ಮ ಉತ್ತರವನ್ನೇ ಮೋಸವೆಂದು ತಳ್ಳಿಹಾಕುತ್ತದೆ.

ಮೂರನೆಯದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ, ಒಂದಕ್ಷರದ ಎಕ್ಸ್.ಕಾಂ ತಾಣವನ್ನು ತಡೆಯಲು ‘ಹೆಸರು ಇದರಿಂದ ಕೊನೆಗೊಂಡರೆ’ ಎಂಬ ಹೋಲಿಕೆ ಬರೆದೆ. ಅರ್ಧ ಗಂಟೆಯೊಳಗೆ ರವಾನೆ ವಿಭಾಗದವರು ಫೆಡೆಕ್ಸ್ ತಾಣ ತೆರೆಯುತ್ತಿಲ್ಲವೆಂದು ಮೇಜಿನ ಮುಂದೆ ಬಂದು ನಿಂತರು. ಫೆಡೆಕ್ಸ್ ಎಂಬ ಹೆಸರಿನ ಕೊನೆಯ ಅಕ್ಷರವೂ ಎಕ್ಸ್, ನೆಟ್‌ಫ್ಲಿಕ್ಸ್‌ನದೂ ಅದೇ. ಅದರ ಬಗ್ಗೆ ಮಾತ್ರ ಯಾರೂ ದೂರು ಹೇಳಲಿಲ್ಲ, ಕಚೇರಿ ಸಮಯ ನೋಡಿ! ಹೆಸರಿನ ಆರಂಭಕ್ಕೆ ಒಂದು ಚುಕ್ಕೆ ಸೇರಿಸಿ, ಪಟ್ಟಿಯಲ್ಲಿಯೂ ಚುಕ್ಕೆಯಿಂದ ಆರಂಭವಾಗುವ ರೂಪವನ್ನೇ ಇಟ್ಟು ಹೋಲಿಸಿದರೆ ಈ ಎಡವಟ್ಟು ತಪ್ಪುತ್ತದೆ.

ಪಟ್ಟಿಯನ್ನು ಸ್ಕ್ರಿಪ್ಟ್‌ನೊಳಗೆ ಬರೆಯದೆ ಡೇಟಾ ಗ್ರೂಪ್ ಎಂಬ ಬಿಗ್-ಐಪಿಯ ಪ್ರತ್ಯೇಕ ಪಟ್ಟಿಯಲ್ಲಿ ಇಡಿ. ಪಟ್ಟಿ ಲಕ್ಷಗಳಿಗೆ ಏರುವುದಾದರೆ ಐರೂಲನ್ನೇ ಬಿಟ್ಟು ಆರ್‌ಪಿಝಡ್ ಕಡೆ ಹೋಗಿ. ಅದು ತಡೆಪಟ್ಟಿಯನ್ನು ಡಿಎನ್‌ಎಸ್ ಝೋನ್ (ಒಂದು ಡೊಮೇನ್‌ನ ದಾಖಲೆಗಳ ಗುಚ್ಛ) ರೂಪದಲ್ಲಿಯೇ ಹಂಚುವ ಏರ್ಪಾಡು. ನಿಮ್ಮಲ್ಲಿ ಈಗಾಗಲೇ ಇರುವ ಬೈಂಡ್‌ನಲ್ಲಿಯೂ ಇದೆ, ಬಿಗ್-ಐಪಿಯ ಡಿಎನ್‌ಎಸ್ ಕ್ಯಾಶ್‌ನಲ್ಲಿಯೂ ಇದೆ. ಸಿದ್ಧವಾಗಿರುವ ಕೆಲಸಕ್ಕೆ ಸ್ಕ್ರಿಪ್ಟ್ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಗೂಗಲ್ ಸೇಫ್‌ಸರ್ಚ್ ಕಡ್ಡಾಯ ಮಾಡಲು, ಗೂಗಲ್ ತಾಣದ ಹೆಸರನ್ನು ಕೇಳಿದಾಗ ‘ಫೋರ್ಸ್‌ಸೇಫ್‌ಸರ್ಚ್’ ಎಂಬ ಗೂಗಲ್ ಹೆಸರಿಗೆ ಸಿನೇಮ್ ದಾಖಲೆಯನ್ನು ಐರೂಲ್‌ನಿಂದ ಉತ್ತರವಾಗಿ ಕೊಟ್ಟೆ. ಯಾವ ಯಂತ್ರದಲ್ಲಿಯೂ ಗೂಗಲ್ ತೆರೆಯುತ್ತಿಲ್ಲ.
— ಕಂಪ್ಯೂಟರ್ ಶಿಕ್ಷಕರು, ಧಾರವಾಡ

ಉತ್ತರ: ನೀವು ಅರ್ಧ ಉತ್ತರ ಕೊಟ್ಟಿದ್ದೀರಿ. ಸಿನೇಮ್ ಎಂದರೆ ‘ಈ ಹೆಸರಿನ ನಿಜವಾದ ಹೆಸರು ಅದು’ ಎಂಬುದಷ್ಟೇ. ಆ ಇನ್ನೊಂದು ಹೆಸರಿನ ವಿಳಾಸವನ್ನು ಹುಡುಕಿ ಜೊತೆಗೇ ಕೊಡುವುದು ರಿಸಾಲ್ವರ್‌ನ ಕೆಲಸ. ಮೇಜಿನ ಮೇಲಿನ ಯಂತ್ರದಲ್ಲಿರುವುದು ಸ್ಟಬ್, ಅಂದರೆ ಕೇಳುವುದನ್ನು ಮಾತ್ರ ಬಲ್ಲ ಚಿಕ್ಕ ತಂತ್ರಾಂಶ. ಅದು ಸಿನೇಮ್‌ನ ಬೆನ್ನು ಹಿಡಿದು ತಾನೇ ಹೋಗುತ್ತದೆಂದು ನಂಬುವಂತಿಲ್ಲ. ನಿಮ್ಮ ಸ್ಕ್ರಿಪ್ಟ್ ಈಗ ರಿಸಾಲ್ವರ್‌ನ ಜಾಗದಲ್ಲಿ ಕೂತು ಮಾತಾಡುತ್ತಿದೆ, ಆದ್ದರಿಂದ ಆ ಹೊಣೆಯೂ ಅದರ ಮೇಲೆಯೇ ಬೀಳುತ್ತದೆ.

ದಾರಿಗಳು ಎರಡು. ಸುಲಭವಾದದ್ದು, ಸೇಫ್‌ಸರ್ಚ್‌ಗಾಗಿ ಗೂಗಲ್ ತಾನೇ ಪ್ರಕಟಿಸಿರುವ 216.239.38.120 ಎಂಬ ವಿಳಾಸವನ್ನು ನೇರವಾಗಿ ಎ ದಾಖಲೆಯಾಗಿ (ಹೆಸರಿನ ಐಪಿವಿ4 ವಿಳಾಸ ಹೇಳುವ ಬಗೆ) ಕೊಡುವುದು. ಆದರೆ ಕೊಡುವ ಮೊದಲು ಕೇಳಿದ್ದೇನು ಎಂದು ನೋಡಿ. ಬಹಳ ಕಡೆ ನಕಲಾಗುತ್ತಿರುವ ಒಂದು ಮಾದರಿ ಸಾಲಿನಲ್ಲಿ ದಾಖಲೆಯ ಬಗೆಯನ್ನು ಕ್ವೆರಿಯಿಂದಲೇ ಎತ್ತಿಕೊಂಡು ಅದರ ಮುಂದೆ ಐಪಿವಿ4 ವಿಳಾಸ ಬರೆಯುತ್ತಾರೆ. ಐಪಿವಿ6 ವಿಳಾಸ ಬೇಡುವ ಎಎಎಎ, ಅಂದರೆ 28ನೇ ಬಗೆಯ ಕ್ವೆರಿ ಬಂದರೆ ಆ ಸಾಲು ಅರ್ಥವಿಲ್ಲದ ದಾಖಲೆಯನ್ನು ಕಟ್ಟಲು ಹೊರಡುತ್ತದೆ. ಇನ್ನೊಂದು 65ನೇ ಬಗೆ ಇದೆ, ಅದರ ಹೆಸರೇ ಎಚ್‌ಟಿಟಿಪಿಎಸ್. 2023ರ ಆರ್‌ಎಫ್‌ಸಿ 9460 ಅದನ್ನು ವಿಧಿಬದ್ಧಗೊಳಿಸಿತು. ಐಫೋನ್‌ಗಳು ಅದಕ್ಕೂ ಮುಂಚಿನಿಂದಲೇ ಕೇಳುತ್ತಿವೆ. ಆ ದಾಖಲೆಯೊಳಗೆ ವಿಳಾಸದ ಸುಳಿವುಗಳು ಇರಬಲ್ಲವಾದ್ದರಿಂದ ಎ ಮತ್ತು ಎಎಎಎ ಬಾಗಿಲು ಮುಚ್ಚಿ ಇದೊಂದನ್ನು ತೆರೆದಿಟ್ಟರೆ ನಿಮ್ಮ ತಡೆ ಸೋರುತ್ತದೆ.

ಎ ಅಲ್ಲದ ಬಗೆಗಳಿಗೆ ಎನ್‌ಎಕ್ಸ್‌ಡೊಮೇನ್ ಕೊಡಬೇಡಿ. ಎನ್‌ಎಕ್ಸ್‌ಡೊಮೇನ್ ಎಂದರೆ ಆ ಹೆಸರಿಗೆ ಯಾವ ಬಗೆಯ ದಾಖಲೆಯೂ ಇಲ್ಲ, ಅದರ ಕೆಳಗಿನ ಹೆಸರುಗಳೂ ಇಲ್ಲ. 2016ರ ಆರ್‌ಎಫ್‌ಸಿ 8020 ಇದನ್ನು ಖಚಿತವಾಗಿಯೇ ಹೇಳುತ್ತದೆ. ಎಎಎಎ ಕೇಳಿದವರಿಗೆ ಹಾಗೆಂದರೆ, ಅವರು ಆಗತಾನೆ ಪಡೆದ ಎ ದಾಖಲೆಗೂ ಅದಕ್ಕೂ ತಾಳೆಯಾಗುವುದಿಲ್ಲ. ಆರ್‌ಕೋಡ್ ನೋಎರರ್ ಆಗಿರಲಿ, ಉತ್ತರದ ಭಾಗ ಖಾಲಿ ಇರಲಿ, ಅಥಾರಿಟಿಯಲ್ಲಿ ಎಸ್‌ಒಎ ಇರಲಿ. ‘ಹೆಸರು ಇದೆ, ನೀವು ಕೇಳಿದ ಬಗೆ ಇಲ್ಲ’ ಎಂಬುದನ್ನು ಹೇಳುವ ಕ್ರಮ ಅದು. ಇದನ್ನು ನೋಡೇಟಾ ಎನ್ನುತ್ತಾರೆ.

ಎರಡನೆಯ ದಾರಿಯಲ್ಲಿ ಕ್ವೆರಿಯೊಳಗಿನ ಹೆಸರನ್ನೇ ಬದಲಿಸಿ ಸರ್ವರ್‌ಗೆ ಕಳಿಸುತ್ತೀರಿ. ಉತ್ತರ ಬಂದಾಗ, ‘ಡಿಎನ್‌ಎಸ್ ರೆಸ್ಪಾನ್ಸ್’ ಈವೆಂಟ್‌ನಲ್ಲಿ, ಹಳೆಯ ಹೆಸರನ್ನು ಅದರ ಜಾಗಕ್ಕೆ ಮರಳಿಸಿ, ಉತ್ತರದ ಭಾಗದಲ್ಲಿ ಮೊದಲು ಸಿನೇಮ್, ಅದರ ಹಿಂದೆ ವಿಳಾಸ ಬರುವಂತೆ ಜೋಡಿಸಬೇಕು. ಮರಳಿಸುವುದನ್ನು ಮರೆತರೆ, ತಾನು ಕೇಳಿದ್ದೊಂದು ಬಂದದ್ದೊಂದು ಎಂದು ಕೇಳಿದ ಯಂತ್ರ ಉತ್ತರವನ್ನು ಎಸೆಯುತ್ತದೆ. ವಿಳಾಸಗಳು ಬದಲಾದರೂ ಕೆಡದಿರುವುದು ಈ ದಾರಿಯ ಅನುಕೂಲ. ಒಂದು ಕಂಪ್ಯೂಟರ್ ಕೋಣೆಗಾದರೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ. ಭಾರತದ ಗೂಗಲ್ ವಿಳಾಸವಾದ ಗೂಗಲ್.ಕೋ.ಇನ್ ಅನ್ನು ಪಟ್ಟಿಗೆ ಸೇರಿಸಲು ಮರೆಯಬೇಡಿ; ಮಕ್ಕಳು ನಮಗಿಂತ ಬೇಗ ಅದನ್ನು ಕಂಡುಹಿಡಿಯುತ್ತಾರೆ.

ಒಂದು ಎಚ್ಚರಿಕೆ. ಗೂಗಲ್‌ನ ಝೋನ್‌ಗೆ ಡಿಎನ್‌ಎಸ್‌ಸೆಕ್ ಎಂಬ ಡಿಜಿಟಲ್ ಸಹಿ ಇಲ್ಲದ್ದರಿಂದ ಈ ಕೈಚಳಕ ನಡೆಯುತ್ತದೆ. ಸಹಿ ಮಾಡಿದ ಝೋನ್‌ನ ಉತ್ತರವನ್ನು ಹೀಗೆ ತಿದ್ದಿದರೆ, ಸಹಿ ಪರಿಶೀಲಿಸುವ ರಿಸಾಲ್ವರ್ ಸಾಧನಕ್ಕೂ ಬಳಕೆದಾರರಿಗೂ ನಡುವೆ ಇದ್ದಾಗ ಅದು ನಿಮ್ಮ ಉತ್ತರವನ್ನು ಒಪ್ಪದೆ ಸರ್ವ್‌ಫೇಲ್ ಎಂಬ ದೋಷಸಂಕೇತ ಕೊಡುತ್ತದೆ. ತಿದ್ದುಪಡಿ ಪತ್ತೆಯಾಗಲೆಂದೇ ಡಿಎನ್‌ಎಸ್‌ಸೆಕ್ ಇರುವುದು. ಅದನ್ನು ದಾಟುವ ಸ್ಕ್ರಿಪ್ಟ್ ಹುಡುಕಬೇಡಿ.

ಪ್ರಶ್ನೆ: ನಮ್ಮ ಡೊಮೇನ್‌ಗಳಿಗೆ ಅಧಿಕೃತ ಉತ್ತರ ಕೊಡುವ ಸರ್ವರ್‌ಗಳಿಗೆ ‘ಎನಿ’ ಬಗೆಯ, ಅಂದರೆ ಒಂದು ಹೆಸರಿನ ಎಲ್ಲ ದಾಖಲೆಗಳನ್ನೂ ಕೇಳುವ, ಕ್ವೆರಿಗಳು ಪ್ರವಾಹದಂತೆ ಬರುತ್ತಿವೆ. ಐರೂಲ್‌ನ ಟೇಬಲ್ ಆದೇಶದಿಂದ ಮೂಲ ವಿಳಾಸಗಳನ್ನು (ಕೇಳಿದವರ ವಿಳಾಸಗಳನ್ನು) ಎಣಿಸಿ, ಮಿತಿ ದಾಟಿದವರನ್ನು ತಡೆಯಬಹುದೇ?
— ಹೋಸ್ಟಿಂಗ್ ಸಂಸ್ಥೆಯ ಎಂಜಿನಿಯರ್, ಬೆಂಗಳೂರು

ಉತ್ತರ: ತಡೆಯಬಹುದು, ಆದರೆ ನೀವು ತಡೆಯುವುದು ಯಾರನ್ನು? ಯುಡಿಪಿಯಲ್ಲಿ ಮೂಲ ವಿಳಾಸವನ್ನು ಸುಳ್ಳಾಗಿ ಬರೆಯುವುದು ಕಷ್ಟವಲ್ಲ. ಚಿಕ್ಕ ಕ್ವೆರಿಗೆ ದೊಡ್ಡ ಉತ್ತರ ಸಿಗುವ ‘ಎನಿ’ಯನ್ನು ದಾಳಿಕೋರರು ಇಷ್ಟಪಡುವುದು ಇದಕ್ಕಾಗಿಯೇ: ಅವರು ಬಲಿಯ ವಿಳಾಸ ಬರೆದು ಕೇಳುತ್ತಾರೆ, ನಿಮ್ಮ ಸರ್ವರ್ ಬಲಿಯ ಮನೆಗೆ ಉತ್ತರ ಸುರಿಯುತ್ತದೆ. ಆ ವಿಳಾಸವನ್ನು ನೀವು ತಡೆದರೆ ಬಲಿಯಾದವರಿಗೆ ನಿಮ್ಮ ಡೊಮೇನ್‌ಗಳೂ ಸಿಗದಂತಾಗುತ್ತವೆ. ವಿಳಾಸಗಳು ಯದ್ವಾತದ್ವಾ ಬದಲಾಗುವ ದಾಳಿಯಾದರೆ ಎಣಿಕೆಯ ಟೇಬಲ್ಲೇ ಸಾಧನದ ಮೆಮೊರಿಯನ್ನು ತಿನ್ನುತ್ತದೆ.

‘ಎನಿ’ಗೆ ಪೂರ್ತಿ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. 2019ರ ಆರ್‌ಎಫ್‌ಸಿ 8482 ಪ್ರಕಾರ ಎಚ್‌ಇನ್‌ಫೋ ಬಗೆಯ ಒಂದೇ ಒಂದು ಚಿಕ್ಕ ದಾಖಲೆ ಕೊಟ್ಟು ಕೈತೊಳೆದುಕೊಳ್ಳಬಹುದು. ಉಳಿದ ಬಗೆಗಳಲ್ಲಿ ಮಿತಿ ದಾಟಿದವರಿಗೆ ಡ್ರಾಪ್ ಬದಲು, ಹೆಡರ್‌ನ ಟಿಸಿ ಬಿಟ್ ಹೊಂದಿಸಿದ ಖಾಲಿ ಉತ್ತರ ಕೊಡಿ. ‘ಉತ್ತರ ಇಲ್ಲಿ ಹಿಡಿಸಲಿಲ್ಲ, ಟಿಸಿಪಿಯಲ್ಲಿ ಬನ್ನಿ’ ಎಂದು ಅದರ ಅರ್ಥ. ನಿಜವಾದ ರಿಸಾಲ್ವರ್ ಟಿಸಿಪಿಯಲ್ಲಿ ಬರುತ್ತದೆ. ವಿಳಾಸ ಕದ್ದವರಿಗೆ ಟಿಸಿಪಿಯ ಹಸ್ತಲಾಘವವನ್ನು, ಅಂದರೆ ಎರಡೂ ಕಡೆ ಮೊದಲು ಸಂಪರ್ಕ ಖಚಿತಪಡಿಸಿಕೊಳ್ಳುವ ಹಂತವನ್ನು, ಪೂರೈಸಲಾಗುವುದಿಲ್ಲ. ಉತ್ತರವೂ ಕ್ವೆರಿಯಷ್ಟೇ ಚಿಕ್ಕದಾದ್ದರಿಂದ ದಾಳಿಯ ಲಾಭವೇ ಹೋಗುತ್ತದೆ. ಆದರೆ ಈ ಸಾಲುಗಳನ್ನು ಟಿಸಿಪಿ ವರ್ಚುವಲ್ ಸರ್ವರ್‌ನಲ್ಲಿಯೂ ಓಡಿಸಿದರೆ ಬಂದವರನ್ನು ಮತ್ತೆ ಬಾಗಿಲಿನಿಂದಲೇ ಅಟ್ಟಿದಂತಾಗುತ್ತದೆ. ಎರಡೂ ವರ್ಚುವಲ್ ಸರ್ವರ್‌ಗಳಿಗೆ ಕಟ್ಟಿ ಎಂದು ಮೈಸೂರಿನವರಿಗೆ ಹೇಳಿದ್ದಕ್ಕೆ ಇದೊಂದು ಅಪವಾದ.

ಎಣಿಕೆಗೆ ಎರಡು ಕೊಲನ್‌ಗಳಿಂದ ಆರಂಭವಾಗುವ ಗ್ಲೋಬಲ್ ವೇರಿಯಬಲ್ ಬಳಸಬೇಡಿ. ಅದೊಂದಿದ್ದರೆ ಆ ವರ್ಚುವಲ್ ಸರ್ವರ್‌ನ ಕೆಲಸವೆಲ್ಲ ಹಲವು ಪ್ರೊಸೆಸರ್‌ಗಳಿಗೆ ಹಂಚಿಹೋಗದೆ ಒಂದರ ಮೇಲೇ ಬೀಳುತ್ತದೆ. ಬದಲಾಗದ ಮೌಲ್ಯಗಳಿಗೆ ಸ್ಟ್ಯಾಟಿಕ್ ವೇರಿಯಬಲ್ ಇದೆ.

ಪ್ರಶ್ನೆ: ಕನ್ನಡದಲ್ಲಿರುವ .ಭಾರತ ಡೊಮೇನ್‌ನ ಒಂದು ಹೆಸರನ್ನು ಡೇಟಾ ಗ್ರೂಪ್‌ನಲ್ಲಿ ಕನ್ನಡ ಲಿಪಿಯಲ್ಲೇ ಬರೆದೆ. ಐರೂಲ್ ಅದನ್ನು ಗುರುತಿಸುತ್ತಿಲ್ಲ.
— ಓದುಗರು, ಉಡುಪಿ

ಉತ್ತರ: ಕನ್ನಡ ಅಕ್ಷರಗಳು ತಂತಿಯ ಮೇಲೆ ಹೋಗುವುದೇ ಇಲ್ಲ. ಬ್ರೌಸರ್ ಅವನ್ನು ಪ್ಯುನಿಕೋಡ್ ಎಂಬ ಕ್ರಮದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಿಸಿ ಕೇಳುತ್ತದೆ. ಕನ್ನಡದ .ಭಾರತ ಆಗುವುದು ಎಕ್ಸ್, ಎನ್, ಎರಡು ಅಡ್ಡಗೆರೆ, ಬಳಿಕ 2ಎಸ್‌ಸಿಆರ್‌ಜೆ9ಸಿ ಎಂದು. ಡೇಟಾ ಗ್ರೂಪ್‌ನಲ್ಲಿ ಈ ರೂಪವನ್ನು ಬರೆಯಿರಿ, ಮಗ್ಗುಲಲ್ಲಿ ಕನ್ನಡ ರೂಪವನ್ನು ನಿಮ್ಮ ಕಡತದಲ್ಲಿ ಗುರುತು ಹಾಕಿಕೊಳ್ಳಿ. ಆರು ತಿಂಗಳ ನಂತರ ಅದು ಯಾವ ಹೆಸರೆಂದು ಯಾರಿಗೂ ನೆನಪಿರುವುದಿಲ್ಲ. ಚುಕ್ಕೆಗಳ ನಡುವಿನ ಪ್ರತಿ ತುಂಡಿಗೆ 63 ಬೈಟ್‌ಗಳ ಮಿತಿ ಇದೆ. ಅದನ್ನು ಎಣಿಸುವುದೂ ಈ ಪ್ಯುನಿಕೋಡ್ ರೂಪದಲ್ಲಿಯೇ.

ಪ್ರಶ್ನೆ: ಬ್ರೌಸರ್ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಬಳಸಿದರೆ ನಮ್ಮ ಐರೂಲ್ ಆ ಕ್ವೆರಿಗಳನ್ನು ನೋಡುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ಅವು 443ನೇ ಪೋರ್ಟ್‌ನಲ್ಲಿ ಗೂಢಲಿಪಿಯಲ್ಲಿ ಹೊರಗಿನ ರಿಸಾಲ್ವರ್‌ಗೆ ಹೋಗುತ್ತವೆ, ನಿಮ್ಮ 53ನೇ ಪೋರ್ಟ್‌ಗೆ ಬರುವುದಿಲ್ಲ. ಫೈರ್‌ಫಾಕ್ಸ್ ಒಂದು ಸೌಜನ್ಯ ಇಟ್ಟುಕೊಂಡಿದೆ: ಅದು ‘ಯೂಸ್-ಅಪ್ಲಿಕೇಶನ್-ಡಿಎನ್‌ಎಸ್.ನೆಟ್’ ಎಂಬ ಹೆಸರನ್ನು ಜಾಲದ ರಿಸಾಲ್ವರ್‌ನಲ್ಲಿ ಕೇಳಿ ನೋಡುತ್ತದೆ. ಎನ್‌ಎಕ್ಸ್‌ಡೊಮೇನ್ ಬಂದರೆ ತಾನಾಗಿ ಆನ್ ಆಗುವ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ಸನ್ನು ಆನ್ ಮಾಡುವುದಿಲ್ಲ. ಬಳಕೆದಾರ ತಾನೇ ಆರಿಸಿಕೊಂಡಿದ್ದರೆ ಇದಕ್ಕೆ ಬಗ್ಗುವುದಿಲ್ಲ. ಬಳಕೆದಾರರ ಜಾಲಸಂಚಾರವನ್ನು ಮರೆಮಾಡುವ ಆಪಲ್‌ನ ಪ್ರೈವೇಟ್ ರಿಲೇಗೂ ಇಂಥದೇ ಏರ್ಪಾಡಿದೆ, ಅಲ್ಲಿ ‘ಮಾಸ್ಕ್.ಐಕ್ಲೌಡ್.ಕಾಂ’ ಮತ್ತು ‘ಮಾಸ್ಕ್-ಎಚ್2.ಐಕ್ಲೌಡ್.ಕಾಂ’ ಹೆಸರುಗಳಿಗೆ ‘ಇಲ್ಲ’ ಎನ್ನಬೇಕು. ಇವಕ್ಕೂ ಡ್ರಾಪ್ ಮಾಡಬೇಡಿ.

ಪ್ರಶ್ನೆ: ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ನಿಯಮದಂತೆ ಲಾಗ್ ಇಡಬೇಕೆಂದು ಐರೂಲ್‌ನಲ್ಲಿ ಪ್ರತಿ ಕ್ವೆರಿಗೂ ಲಾಗ್ ಆದೇಶ ಹಾಕಿದೆವು. ಸಾಧನದ ಡಿಸ್ಕ್ ತುಂಬುತ್ತಿದೆ.
— ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಮಂಗಳೂರು

ಉತ್ತರ: 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವು ಲಾಗ್‌ಗಳನ್ನು 180 ದಿನ ಇಡಬೇಕೆಂದು ಹೇಳುತ್ತದೆ, ಅವನ್ನು ಲೋಡ್ ಬ್ಯಾಲೆನ್ಸರ್‌ನ ಡಿಸ್ಕ್‌ನಲ್ಲೇ ಇಡಬೇಕೆಂದಲ್ಲ. ಸಾದಾ ಲಾಗ್ ಆದೇಶ ದೋಷ ಹುಡುಕುವಾಗ ಹತ್ತು ನಿಮಿಷಕ್ಕೆ ಹಾಕಿ ತೆಗೆಯುವಂಥದ್ದು. ನಿತ್ಯದ ದಾಖಲೆಗೆ ಡಿಎನ್‌ಎಸ್ ಪ್ರೊಫೈಲ್‌ನಲ್ಲಿಯೇ ಲಾಗಿಂಗ್ ಪ್ರೊಫೈಲ್ ಕಟ್ಟುವ ಸೌಲಭ್ಯವಿದೆ. ಅದರಿಂದ ಹೈಸ್ಪೀಡ್ ಲಾಗಿಂಗ್ ಮೂಲಕ ಹೊರಗಿನ ಸಿಸ್‌ಲಾಗ್ ಸರ್ವರ್‌ಗಳಿಗೆ ಕಳಿಸಿ. ಸ್ಕ್ರಿಪ್ಟ್‌ನಿಂದಲೇ ಬರೆಯಬೇಕಾದದ್ದು ಒಂದೇ: ಉತ್ತರವನ್ನು ಸ್ಕ್ರಿಪ್ಟ್ ತಾನು ಬದಲಿಸಿದ ಸಂದರ್ಭ. ಯಾರು ಕೇಳಿದರು, ಏನು ಕೇಳಿದರು, ಯಾವ ನಿಯಮದಿಂದ ಏನು ಕೊಟ್ಟೆವು ಎಂಬುದು ಅದರಲ್ಲಿರಲಿ. ನಾಳೆ ‘ಸರ್ವರ್ ಸರಿ ಇದೆ, ಆದರೂ ಉತ್ತರ ತಪ್ಪು’ ಎಂಬ ದೂರು ಬಂದಾಗ ಆ ಒಂದು ಸಾಲು ಅರ್ಧ ದಿನ ಉಳಿಸುತ್ತದೆ.

ಪ್ರಶ್ನೆ: ಬಿಗ್-ಐಪಿ ಇಲ್ಲದೆ ಇದನ್ನೆಲ್ಲ ಮನೆಯಲ್ಲಿ ಕಲಿಯುವುದು ಹೇಗೆ?
— ಎಂಸಿಎ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಪವರ್‌ಡಿಎನ್‌ಎಸ್ ತಂಡದ ಡಿಎನ್‌ಎಸ್‌ಡಿಸ್ಟ್ ಮುಕ್ತ ತಂತ್ರಾಂಶ, ಸಾಮಾನ್ಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಅದರ ನಿಯಮಗಳನ್ನು ಲುವಾ ಭಾಷೆಯಲ್ಲಿ ಬರೆಯುತ್ತಾರೆ. ಕ್ವೆರಿ ತಡೆಯುವುದು, ಸ್ವಂತ ಉತ್ತರ ಕೊಡುವುದು, ಟಿಸಿ ಬಿಟ್ ಹೊಂದಿಸುವುದು ಎಲ್ಲವೂ ಒಂದೊಂದು ಸಾಲಿನಲ್ಲಿ ಆಗುತ್ತವೆ. ಪೈಥಾನ್ ಬಲ್ಲವರು ಅನ್‌ಬೌಂಡ್‌ನ ಪೈಥಾನ್ ಮಾಡ್ಯೂಲ್ ನೋಡಬಹುದು.

ಬರೆದದ್ದನ್ನು ಬ್ರೌಸರ್‌ನಲ್ಲಿ ಪರೀಕ್ಷಿಸಬೇಡಿ, ಅದರ ಸ್ವಂತ ಕ್ಯಾಶ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಡಿಎನ್‌ಎಸ್ ಕ್ವೆರಿ ಕಳಿಸಿ ಉತ್ತರವನ್ನು ಪೂರ್ತಿ ತೋರಿಸುವ ಡಿಗ್ ಆದೇಶ ಬಳಸಿ. ಒಂದೇ ಹೆಸರನ್ನು ಎ, ಎಎಎಎ ಮತ್ತು 65ನೇ ಬಗೆಗಳಲ್ಲಿ ಕೇಳಿ. ದೊಡ್ಡಕ್ಷರ ಬೆರೆಸಿ ಕೇಳಿ. ಟಿಸಿಪಿ ಆಯ್ಕೆ ಹಾಕಿ ಕೇಳಿ. ಪಟ್ಟಿಯ ಹೆಸರಿನ ಆರಂಭಕ್ಕೆ ಚುಕ್ಕೆ ಇಲ್ಲದೆ ಬೇರೆ ಅಕ್ಷರ ಅಂಟಿಸಿ ಕೇಳಿ. ಪ್ರತಿ ಸಲವೂ ಉತ್ತರದ ಭಾಗವನ್ನಷ್ಟೇ ನೋಡದೆ ಆರ್‌ಕೋಡ್, ಅಥಾರಿಟಿ ಭಾಗ, ಟಿಟಿಎಲ್ ಮೂರನ್ನೂ ಓದಿ. ರಿಕರ್ಷನ್ (ಬೇರೆ ಸರ್ವರ್‌ಗಳನ್ನು ಕೇಳಿ ಉತ್ತರ ತಂದುಕೊಡುವುದು) ಬೇಡಿದ್ದೀರಿ, ಅದು ಲಭ್ಯವಿಲ್ಲ ಎಂದು ಡಿಗ್ ಎಚ್ಚರಿಸಿದರೆ ನಿಮ್ಮ ಸ್ಕ್ರಿಪ್ಟ್ ‘ರಿಕರ್ಷನ್ ಲಭ್ಯ’ ಎನ್ನುವ ಆರ್‌ಎ ಬಿಟ್ ಹೊಂದಿಸಲು ಮರೆತಿದೆ ಎಂದು ಅರ್ಥ.